ಚೆಂಡು ಸಾಯುವ ಜಾಗ

ಮೈದಾನದ ಹುಲ್ಲು ನೋಡಿಕೊಳ್ಳುವವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ತಡೆದವನ ಬೆನ್ನು ತಟ್ಟುತ್ತಾರೆ, ಸೋತರೆ ಕೋಚನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಹುಲ್ಲನ್ನು ಹೊಗಳಿದವರನ್ನು ಹುಲ್ಲಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಆಟಗಾರರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವನು ಹುಲ್ಲಪ್ಪ. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಕ್ಲಬ್ಬು ಎರಡನೇ ದರ್ಜೆಯ ಲೀಗಿನದು. ಮೇಲಿನ ದರ್ಜೆಗೆ ಏರಲಾರದೆ, ಕೆಳಗಿನದಕ್ಕೆ ಬೀಳಲೂ ಆಗದೆ ವರ್ಷಾನುಗಟ್ಟಲೆ ನಡುವೆ ಜೋತಾಡಿಕೊಂಡಿತ್ತು. ಗ್ಯಾಲರಿಯ ಕೆಳಗೇ ಹುಲ್ಲಪ್ಪನಿಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಅಡುಗೆಮನೆಯ ಛಾವಣಿ ಎಂದರೆ ಗ್ಯಾಲರಿಯ ಮೆಟ್ಟಿಲುಗಳ ಅಡಿಭಾಗ. ಗೋಲಾಗಿ ಮೇಲೆ ಜನ ಕುಣಿದರೆ ಕೆಳಗೆ ಪಾತ್ರೆಗಳೂ ಕುಣಿಯುತ್ತಿದ್ದವು. ಹೆಂಡತಿ ತಂಡದ ಜೆರ್ಸಿಗಳನ್ನು ಒಗೆಯುತ್ತಿದ್ದಳು. ಹುಲ್ಲಪ್ಪನ ತಾಯಿ, ಅಂದರೆ ಅಜ್ಜಿ, ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆಗೆ ಬರವಿಲ್ಲದವಳು, ಒಲೆಯ ಪಕ್ಕದ ಮಂಚದಲ್ಲಿ ಕುಳಿತು ತಲೆಯ ಮೇಲಿನ ಸದ್ದಿನಿಂದಲೇ ಯಾರು ಗೆಲ್ಲುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ತಂಡದ ಗೋಲ್‌ಕೀಪರ್ ಊರಿನಲ್ಲಿ ದಿಕ್ಕಿಲ್ಲದವನು. ತಲೆ ಬಗ್ಗಿಸದೆ ಯಾವ ಬಾಗಿಲಲ್ಲೂ ತೂರಲಾಗದಷ್ಟು ಎತ್ತರವಿದ್ದುದರಿಂದ ಅವನಿಗೆ ಏಣಿ ಎಂದೇ ಹೆಸರು. ಸಂಜೆಯ ಊಟಕ್ಕೆ ಅವನು ಇವರ ಮನೆಗೇ ಬರುತ್ತಿದ್ದ, ಹುಲ್ಲಪ್ಪನನ್ನು ಚಿಕ್ಕಪ್ಪ ಎನ್ನುತ್ತಿದ್ದ.

ಇಂಥ ಮನೆಯಲ್ಲಿ ಈ ಸೀಸನ್ನು ಶುರುವಾಗುವ ಮೊದಲೇ ಒಡಕು ಬಿದ್ದಿತ್ತು. ಹುಲ್ಲಪ್ಪನ ಮಗ ಇದೇ ಮೈದಾನದಲ್ಲಿ ಅಂಬೆಗಾಲಿಟ್ಟವನು, ಇದೇ ತಂಡದಲ್ಲಿ ಎಡಪಕ್ಕದಲ್ಲಿ ಓಡುತ್ತಿದ್ದವನು. ಹೊಸದಾಗಿ ಬಂದ ಕೋಚ್ ಅವನನ್ನು ತಂಡದಿಂದ ತೆಗೆದುಹಾಕಿದ. ಮಗ ಅಪ್ಪನ ಮುಖ ನೋಡಿದ. ಕಾರ್ಯದರ್ಶಿಯ ಕೋಣೆ ಮನೆಯಿಂದ ಕೂಗಳತೆಯ ದೂರ; ಹೋಗಿ ಒಂದು ಮಾತು ಆಡಬಹುದಿತ್ತು. ಹುಲ್ಲಪ್ಪ ಹೋಗಲಿಲ್ಲ. ಮನೆ ಕ್ಲಬ್ಬಿನದು, ಗಂಡ ಹೆಂಡಿರ ಕೆಲಸ ಕ್ಲಬ್ಬಿನದು, ಬಾಯಿ ತೆರೆದರೆ ಏನಾಗುತ್ತದೋ ಎಂಬ ಹೆದರಿಕೆ. ಆ ಹೆದರಿಕೆಗೆ ಅವನು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದ.

“ನಾನು ನಿಮ್ಮ ಹುಲ್ಲಾಗಿದ್ರೆ ನೀರಾದ್ರೂ ಹಾಕ್ತಿದ್ರಿ,” ಎಂದು ಹೇಳಿ ಮಗ ಬಟ್ಟೆ ಕಟ್ಟಿಕೊಂಡು ಹೊರಟುಹೋದ. ಪಕ್ಕದ ಊರಿನ ಕ್ಲಬ್ಬು, ಅದೇ ಲೀಗಿನದು, ಒಂದು ವರ್ಷದ ಮಟ್ಟಿಗೆ ಅವನನ್ನು ಸೇರಿಸಿಕೊಂಡಿತು. ಹಲವು ತಿಂಗಳು ಅವನು ಮನೆ ಕಡೆ ತಲೆ ಹಾಕಲಿಲ್ಲ. ತಾಯಿಗೆ ಮಾತ್ರ ಫೋನ್ ಮಾಡುತ್ತಿದ್ದ. ಅವಳು ಫೋನ್ ಹಿಡಿದು ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಂದಾಗ ಹುಲ್ಲಪ್ಪ ಏನಂತೆ ಎಂದು ಕೇಳಿದರೆ, ಚೆನ್ನಾಗಿದ್ದಾನಂತೆ ಎನ್ನುವಳು. ಅಷ್ಟೇ.

ವಿಚಿತ್ರವೆಂದರೆ ಆ ಸೀಸನ್ನಿನಲ್ಲಿ ಎರಡು ಕ್ಲಬ್ಬುಗಳಿಗೂ ಏನೋ ಹುರುಪು ಬಂದು, ಎರಡೂ ಪಟ್ಟಿಯ ಮೇಲ್ಭಾಗಕ್ಕೆ ಹತ್ತಿಕೊಂಡವು. ಕೊನೆಯ ಪಂದ್ಯ ಇವೆರಡರ ನಡುವೆಯೇ, ಹುಲ್ಲಪ್ಪನ ಮೈದಾನದಲ್ಲೇ ಎಂದು ಗೊತ್ತಾದ ಹೊತ್ತಿಗೆ ಮಗ ಮನೆಗೆ ಬರತೊಡಗಿದ.

ಮೊದಲ ಸಲ ಬಂದಾಗ ತಾಯಿ ಎರಡೆರಡು ಮೊಟ್ಟೆ ಒಡೆದು ಹಾಕಿದಳು. ಅಜ್ಜಿ ಅವನ ಕೆನ್ನೆ ಸವರಿ, ಬೇರೆ ಊರಿನ ಅನ್ನ ಮೈಗೆ ಹತ್ತಿಲ್ಲ ಎಂದಳು. ಹುಲ್ಲಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಆಗ ಮಗ ನೀರು ಕುಡಿದು, ಬೆಳಗಿನ ಸುದ್ದಿ ಕೇಳಿದಷ್ಟು ಸಲೀಸಾಗಿ ಕೇಳಿದ.

“ಅಪ್ಪ, ನೆಲ ಹದವಾಗಿದೆಯೋ ಇಲ್ವೋ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?”

ಹುಲ್ಲಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಈ ಮಗನಂತೂ ಹುಲ್ಲಿನ ಮೇಲೆ ಓಡಿದ್ದನೇ ಹೊರತು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಹಿಮ್ಮಡಿ ಊರಿ ನೋಡಬೇಕು, ಹಿಮ್ಮಡಿ ಸುಳ್ಳು ಹೇಳುವುದಿಲ್ಲ ಎಂದು ಹುಲ್ಲಪ್ಪ ಹೇಳಿದ. ಹೇಳಿ ಸುಮ್ಮನಾಗಬಹುದಿತ್ತು. ಆದರೆ ಕಟ್ಟೆಯೊಡೆದ ನೀರಿಗೆ ತಡೆ ಎಲ್ಲಿಯದು? ಕೈ ಒಣಗುವವರೆಗೂ ಮಾತಾಡಿದ. ಬೇರು ಎಷ್ಟು ಆಳಕ್ಕೆ ಹೋಗಬೇಕು, ಯಾವ ಕಾಲದಲ್ಲಿ ಎಷ್ಟು ಕತ್ತರಿಸಬೇಕು, ಗ್ಯಾಲರಿಯ ನೆರಳು ಬೀಳುವ ಕಡೆ ಹುಲ್ಲು ಯಾಕೆ ಮುನಿಸಿಕೊಳ್ಳುತ್ತದೆ. ಮಗ ಕೇಳುತ್ತಲೇ ಇದ್ದ, ನಡುನಡುವೆ ಮತ್ತೆ ಕೇಳುತ್ತಲೂ ಇದ್ದ. ಹೆಂಡತಿ ಅನ್ನದ ಪಾತ್ರೆ ಹಿಡಿದು ನಿಂತವಳು ಬಡಿಸುವುದನ್ನೇ ಮರೆತಿದ್ದಳು. ಅದನ್ನು ಹುಲ್ಲಪ್ಪ ಸಂತೋಷವೆಂದು ತಿಳಿದ.

ಆಮೇಲೆ ಬಿಡುವು ಸಿಕ್ಕಾಗಲೆಲ್ಲ ಮಗ ಬಂದ. ಬಂದರೆ ಉಂಡು, ಅಪ್ಪನ ಹಿಂದೆ ಮೈದಾನಕ್ಕೆ ಇಳಿಯುತ್ತಿದ್ದ. ಇಬ್ಬರೂ ಬರಿಗಾಲಲ್ಲಿ ಅಡ್ಡಡ್ಡ ನಡೆಯುತ್ತಿದ್ದರು. ಹುಲ್ಲಪ್ಪ ಮೈದಾನದಿಂದ ಮರಳಿದಾಗ ಹತ್ತು ವರ್ಷ ಚಿಕ್ಕವನಾದ ಹಾಗೆ ಕಾಣುತ್ತಿದ್ದ. ಒಗೆಯಲು ಬಿದ್ದ ಜೆರ್ಸಿ ತಾನೇ ನೆನೆಹಾಕಿದ, ತಾಯಿಯ ಕಾಲು ಒತ್ತಿದ, ಒಂದು ದಿನ ಹಾಡನ್ನೂ ಗುನುಗಿದ.

“ಇಷ್ಟು ದಿನ ಇಲ್ಲದ ಹುಲ್ಲಿನ ಮೋಹ ಇವನಿಗೆ ಈಗ್ಯಾಕೆ ಬಂತು?” ಎಂದು ಅಜ್ಜಿ ಕೇಳಿದಳು.

“ನಿಂಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ.”

“ಹೆತ್ತೋರಿಗೆ ಹೆಗ್ಗಣ ಮುದ್ದು. ನಂಗೂ ನೀನು ಮುದ್ದೇ, ಅದಕ್ಕೆ ಸುಮ್ಮನಿದೀನಿ,” ಎಂದು ಅಜ್ಜಿ ಗೋಡೆಯ ಕಡೆ ಹೊರಳಿದಳು.

ಈಗ ಆ ಮೈದಾನದ ಒಂದು ಗುಟ್ಟು ಹೇಳಬೇಕು. ದಕ್ಷಿಣದ ಗೋಲಿನ ಮುಂದೆ, ಪೆನಾಲ್ಟಿ ಗೆರೆಯ ಎಡತುದಿಯಲ್ಲಿ, ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಅಗಲದ ಒಂದು ಪಟ್ಟಿ ಇತ್ತು. ಸೀಸನ್ನಿಗೆ ಮುಂಚೆ ಅಲ್ಲಿ ನೆಲದಡಿಯ ನೀರಿನ ಪೈಪು ಒಡೆದು, ಅಗೆದು ಸರಿಮಾಡಿ ಮುಚ್ಚಿದ್ದರು. ಮುಚ್ಚುವ ಕೆಲಸ ಹುಲ್ಲಪ್ಪನದು. ಪದರ ಪದರವಾಗಿ ಮಣ್ಣು ತುಂಬಿ, ಪ್ರತಿ ಪದರವನ್ನೂ ಗುದ್ದಿ, ಮರಳು ಬೆರೆಸಿ, ಆಮೇಲೆ ಹುಲ್ಲು ಕೂರಿಸಬೇಕು. ಅವನು ಅಂಟುಮಣ್ಣನ್ನೇ ಸುರಿದು ಮೇಲೆ ಹುಲ್ಲು ಹಾಸಿಬಿಟ್ಟ. ಹುಲ್ಲೇನೋ ಹಿಡಿಯಿತು, ನೋಡಲು ಉಳಿದದ್ದಕ್ಕಿಂತ ಹಸಿರು. ಆದರೆ ಮೈದಾನಕ್ಕೆ ನೀರು ಹರಿಸಿದಾಗ ಉಳಿದ ಕಡೆಯೆಲ್ಲ ಚೆಂಡು ಜಾರಿಕೊಂಡು ಓಡುತ್ತಿತ್ತು, ಆ ಪಟ್ಟಿಯ ಮೇಲೆ ಮಾತ್ರ ಬಿದ್ದಲ್ಲೇ ಸತ್ತುಹೋಗುತ್ತಿತ್ತು. ಅಭ್ಯಾಸ ನಡೆಯುತ್ತಿದ್ದುದು ಬೇರೆ ಮೈದಾನದಲ್ಲಿ. ಪಂದ್ಯದಲ್ಲಿ ಆ ಮೂಲೆಗೆ ಚೆಂಡು ಬೀಳುವುದೇ ಅಪರೂಪ. ಬಿದ್ದಾಗ ಆಟಗಾರನ ಲೆಕ್ಕ ತಪ್ಪಿತು ಎಂದುಕೊಂಡರು. ನೆಲದಲ್ಲಿ ಎಲ್ಲಾದರೂ ದೋಷ ಇದೆಯೇ ಎಂದು ಕೋಚ್ ಸೀಸನ್ನಿನ ಮೊದಲೇ ಕೇಳಿದ್ದ. ಕನ್ನಡಿ ಇದ್ದಂಗಿದೆ ಸಾರ್ ಎಂದಿದ್ದ ಹುಲ್ಲಪ್ಪ. ತನ್ನ ಕೈಯ ಕೆಲಸ ಕೆಟ್ಟಿದೆ ಎಂದು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. ಸೀಸನ್ನು ಮುಗಿದ ಮೇಲೆ ಯಾರಿಗೂ ಗೊತ್ತಾಗದಂತೆ ಅಗೆದು ಸರಿಮಾಡಿದರಾಯಿತು ಎಂದುಕೊಂಡಿದ್ದ.

ಒಂದು ಸಂಜೆ ಅಪ್ಪ ಮಗ ನಡೆಯುತ್ತ ಅಲ್ಲಿಗೇ ಬಂದರು. ಹುಲ್ಲಪ್ಪ ನಿಂತ. ಮಗನ ಕೈಹಿಡಿದು ಆ ಪಟ್ಟಿಯ ಮೇಲೆ ನಿಲ್ಲಿಸಿ, ಹಿಮ್ಮಡಿ ಊರು ಎಂದ. ಮಗ ಊರಿದ. ಕಾಲು ಮೆತ್ತಗೆ ಇಳಿಯಿತು.

“ನಿನ್ನನ್ನ ತೆಗೆದುಹಾಕಿದ್ರಲ್ಲ, ಆ ವಾರ ಕಣೋ ಇದನ್ನ ಮುಚ್ಚಿದ್ದು. ಕೈ ಮಣ್ಣು ಎಳೀತಿತ್ತು, ಮನಸ್ಸು ನಿನ್ನ ಹಿಂದೆ ಹೋಗಿತ್ತು. ಕಾರ್ಯದರ್ಶಿ ಹತ್ರ ಒಂದು ಮಾತು ಆಡ್ಬೇಕಿತ್ತು ನಾನು. ಹೆದರಿಬಿಟ್ಟೆ,” ಎಂದ ಹುಲ್ಲಪ್ಪ.

ಇಷ್ಟು ಹೇಳುವುದರೊಳಗೆ ಅವನಿಗೆ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಗೋಲಿನ ಕಂಬದ ಹತ್ತಿರ ಹೋಗಿ ಅದನ್ನು ಹಿಡಿದುಕೊಂಡು, ಹೆಗಲು ಕುಲುಕುವಂತೆ ಅತ್ತ. ಮಗ ಬೆನ್ನ ಮೇಲೆ ಕೈಯಿಟ್ಟ, ಬಿಡಿ ಅಪ್ಪ ಎಂದ. ಆ ಕೈಯ ಭಾರ ಹುಲ್ಲಪ್ಪನಿಗೆ ಎಷ್ಟು ಹಿತವಾಯಿತೆಂದರೆ, ಇನ್ನು ಇವನಿಗೂ ನನಗೂ ನಡುವೆ ಏನೂ ಉಳಿದಿಲ್ಲ ಎಂದುಕೊಂಡ. ಮನೆಗೆ ಬಂದು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಕೊನೆಯ ಪಂದ್ಯಕ್ಕೆ ಗ್ಯಾಲರಿ ಕಿಕ್ಕಿರಿದಿತ್ತು. ಇವರಿಗೆ ಸಮ ಆದರೂ ಸಾಕು, ಮೇಲಿನ ದರ್ಜೆ ಸಿಕ್ಕ ಹಾಗೆ, ಮಗನ ತಂಡ ಗೆಲ್ಲಲೇಬೇಕು. ಕೋಚ್ ಹೇಳಿದಂತೆ ಹುಲ್ಲಪ್ಪ ಆಟಕ್ಕೆ ಮುಂಚೆ ಮೈದಾನಕ್ಕೆಲ್ಲ ನೀರು ಬಿಟ್ಟ. ಒಂದು ಗೋಲೂ ಆಗದೆ ಮೊದಲರ್ಧ ಕಳೆಯಿತು. ಎರಡನೇ ಅರ್ಧದಲ್ಲಿ ಏಣಿ ದಕ್ಷಿಣದ ಗೋಲಿಗೆ ಬಂದ. ಆಟ ಮುಗಿಯುವ ಹೊತ್ತಿಗೆ ಎದುರಿನವರು ದೂರದಿಂದ ಒಂದು ಚೆಂಡನ್ನು ಎತ್ತರಕ್ಕೆ ಹೊಡೆದರು. ಅದು ನೆಲಕ್ಕೆ ಬಿದ್ದು ಜಾರಿಕೊಂಡು ತನ್ನ ಕೈಗೇ ಬರುತ್ತದೆಂದು ಏಣಿ ಗೋಲಿನ ಗೆರೆಯ ಹತ್ತಿರ ಕಾದ. ಉಳಿದವರೆಲ್ಲ ಚೆಂಡು ಹೋಗಬೇಕಾದ ಕಡೆ ಓಡಿದರು. ಒಬ್ಬ ಮಾತ್ರ ಚೆಂಡು ನಿಲ್ಲುವ ಕಡೆ ಓಡಿದ. ಅದು ಇನ್ನೂ ಗಾಳಿಯಲ್ಲಿರುವಾಗಲೇ ಅವನು ಓಡತೊಡಗಿದ್ದ. ಚೆಂಡು ಪಟ್ಟಿಯ ಮೇಲೆ ಬಿದ್ದು, ಹಾಸಿಗೆಯ ಮೇಲೆ ಎಸೆದ ದಿಂಬಿನಂತೆ ಕೂತಿತು. ಮಗ ಅದನ್ನು ಸದ್ದಿಲ್ಲದೆ ಗೋಲಿಗೆ ತಳ್ಳಿದ.

ಗೆರೆಯ ಆಚೆ ಪೈಪಿನ ಸುರುಳಿ ಹಿಡಿದು ನಿಂತಿದ್ದ ಹುಲ್ಲಪ್ಪ ಅದನ್ನು ಕೈಯಿಂದ ಬಿಟ್ಟ. ಮಗ ಸಂಗಡಿಗರ ರಾಶಿಯ ಕೆಳಗೆ ಬಿದ್ದಿದ್ದ. ಅವನು ಎದ್ದಾಗ ಅಪ್ಪನ ಕಡೆ ನೋಡುತ್ತಾನೇನೋ ಎಂದು ಹುಲ್ಲಪ್ಪ ಕಾದ. ನೋಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ.

“ನಿಂಗೆ ಗೊತ್ತಿತ್ತಾ?”

ಅವಳು ಒಲೆಯ ಮೇಲಿನ ಪಾತ್ರೆಯನ್ನು ಸರಿಸಿ ಇಟ್ಟಳು.

“ಗೊತ್ತಿತ್ತಾ ಅಂತ ಕೇಳ್ದೆ.”

“ಗೊತ್ತಿತ್ತು. ಈ ಸಲ ಮೇಲಕ್ಕೆ ಹೋಗ್ದಿದ್ರೆ ಅವನನ್ನ ಮನೆಗೆ ಕಳಿಸ್ತೀವಿ ಅಂತ ಅವನ ಕ್ಲಬ್ಬಿನೋರು ಅಂದಿದ್ರಂತೆ. ನಿಮ್ಮಪ್ಪನ ಮೈದಾನ ತಾನೆ, ಎಲ್ಲಿ ಏನಿದೆ ತಿಳ್ಕೊಂಡು ಬಾ ಅಂದ್ರಂತೆ. ಫೋನಲ್ಲಿ ಹೇಳ್ದ.”

“ಗಂಡನಿಗೆ ಒಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ?”

“ಹೇಳೋಣ ಅಂತಾನೇ ಇದ್ದೆ ರೀ. ಮೊದಲ್ನೇ ದಿನ ಅವನು ಹುಲ್ಲಿನ ಬಗ್ಗೆ ಕೇಳ್ದಾಗ ನಿಮ್ಮ ಮುಖ ನೋಡಿದೆ. ಮದುವೆ ಆದಾಗಿನಿಂದ ಆ ಮುಖ ನಾನು ನೋಡಿರ್ಲಿಲ್ಲ. ಬಾಯಿ ಬರ್ಲಿಲ್ಲ.”

ಮಗ ಮೋಸ ಮಾಡಿದ್ದು ಹುಲ್ಲಪ್ಪನಿಗೆ ಒಂದು ನೋವು. ತಾನು ಆ ವಾರಗಳಲ್ಲಿ ಕುಣಿದಾಡಿದ್ದನ್ನು ಎಲ್ಲ ಗೊತ್ತಿದ್ದೂ ಪಕ್ಕದಲ್ಲೇ ಕೂತು ಇನ್ನೊಬ್ಬರು ನೋಡುತ್ತಿದ್ದರು ಎಂಬುದು ಬೇರೆಯೇ ನೋವು. ಅಂದು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಉಂಡ ಮನೆಯ ಜಂತೆ ಎಣಿಸುವವನು ನನ್ನ ಮೊಮ್ಮಗನೇ ಆಗಬೇಕಿತ್ತೇ ಎಂದು ಅಜ್ಜಿ ಒಬ್ಬಳೇ ಗೊಣಗುತ್ತಿದ್ದಳು.

ಸೋಲಿನ ಹೊರೆಯೆಲ್ಲ ಏಣಿಯ ತಲೆಗೆ ಬಿತ್ತು. ಪುಟ್ಟ ಮಗುವೂ ಹಿಡಿಯಬಹುದಾದ ಚೆಂಡನ್ನು ಬಿಟ್ಟ ಎಂದು ಅಂಗಡಿ ಮುಂಗಟ್ಟಿನಲ್ಲೆಲ್ಲ ಮಾತು. ಅವನು ಎದುರಿನವರಿಗೆ ತನ್ನನ್ನು ಮಾರಿಕೊಂಡಿದ್ದಾನೆ ಎಂದೂ ಕೆಲವರು ಆಡಿಕೊಂಡರು. ಬೀದಿಯಲ್ಲಿ ಯಾರೋ ಅವನ ಮೇಲೆ ಉಗಿದರಂತೆ. ಮುಂದಿನ ಸೀಸನ್ನಿಗೆ ಅವನು ಬೇಡ ಎಂದು ಕ್ಲಬ್ಬು ತೀರ್ಮಾನಿಸಿತು. ಅವನು ಊಟಕ್ಕೆ ಬರುವುದನ್ನು ನಿಲ್ಲಿಸಿದ.

ಎರಡು ವಾರ ಹುಲ್ಲಪ್ಪ ಇದನ್ನು ನುಂಗಿಕೊಂಡಿದ್ದ. ಆಮೇಲೆ ಆಗಲಿಲ್ಲ. ಮಗನಿಗಾಗಿ ತುಳಿಯದ ಹೊಸ್ತಿಲನ್ನು ಏಣಿಗಾಗಿ ತುಳಿದ. ಕಾರ್ಯದರ್ಶಿಯ ಎದುರು ನಿಂತು, ಪಟ್ಟಿಯ ವಿಷಯ, ಕೋಚಿಗೆ ಸುಳ್ಳು ಹೇಳಿದ್ದು, ಮಗನಿಗೆ ನಿಜ ಹೇಳಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದ. ಕಾರ್ಯದರ್ಶಿ ಕೂಗಾಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಮಾತ್ರ ಕೇಳಿದರು. ತಿಂಗಳೊಳಗೆ ಮನೆ ಬಿಡಬೇಕು ಎಂದರು. ಒಗೆಯುವ ಕೆಲಸವೂ ಅದರ ಜೊತೆಗೇ ಹೋಯಿತು. ಏಣಿಯನ್ನು ಮತ್ತೆ ತೆಗೆದುಕೊಳ್ಳುವ ಮಾತು ಮಾತ್ರ ಬರಲಿಲ್ಲ. ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದಾಗಿತ್ತು.

ಊರು ಬಿಡುವ ಮುಂಚೆ ಏಣಿ ಮನೆಗೆ ಬಂದ. ತಲೆ ಬಗ್ಗಿಸಿ ಒಳಗೆ ಬಂದವನು ನಿಂತೇ ಇದ್ದ. ಹೆಂಡತಿ ಅವಸರವಸರವಾಗಿ ತಟ್ಟೆ ಹಾಕಿ ಬಡಿಸಿದಳು.

“ತಪ್ಪು ನಿಂದಲ್ಲ ಕಣಪ್ಪ,” ಎಂದ ಹುಲ್ಲಪ್ಪ. “ಕಾರ್ಯದರ್ಶಿಗೆ ಎಲ್ಲಾ ಹೇಳಿದೀನಿ.”

“ಕೇಳ್ದೆ ಚಿಕ್ಕಪ್ಪ. ನನ್ನ ಲೆಕ್ಕಾನೇ ತಪ್ಪಿತು ಅಂತ ಎರಡು ವಾರ ನಾನು ಒಂದೇ ಸಮ ಯೋಚನೆ ಮಾಡ್ತಿದ್ದೆ.” ಅವನ ದನಿ ಏರಲಿಲ್ಲ. “ಇಡೀ ಸೀಸನ್ನು ಇದೇ ಮನೇಲಿ ಉಂಡೆ. ಆ ಗೋಲಲ್ಲಿ ನಿಲ್ಲೋನು ನಾನು. ನಂಗೊಂದು ಮಾತು ಹೇಳ್ಬೋದಿತ್ತಲ್ವಾ?”

ಹುಲ್ಲಪ್ಪ ತಟ್ಟೆಯನ್ನು ಅವನ ಕಡೆ ಸರಿಸಿದ. ಮಗನನ್ನು ಕೇಳಬೇಕೆಂದು ತಾನು ದಿನವೂ ಮನಸ್ಸಿನಲ್ಲಿ ಮಸೆಯುತ್ತಿದ್ದ ಮಾತನ್ನೇ ಇವನು ತನ್ನನ್ನು ಕೇಳುತ್ತಿದ್ದ. ಬರ್ತೀನಿ ಚಿಕ್ಕಮ್ಮ ಎಂದು ಏಣಿ ಹೊರಟ. ಬಡಿಸಿದ ತಟ್ಟೆಯನ್ನು ಅಜ್ಜಿಯೂ ಮುಟ್ಟಲಿಲ್ಲ.

ಮನೆ ಬಿಡುವ ಮೊದಲು ಆ ಪಟ್ಟಿಯನ್ನು ಸರಿಮಾಡಿ ಹೋಗಬೇಕೆಂದು ಹುಲ್ಲಪ್ಪ ಹಟ ಹಿಡಿದ. ಯಾರೂ ಬೇಡವೆನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಹುಲ್ಲನ್ನು ಚಾಪೆಯಂತೆ ಸುತ್ತಿಟ್ಟು, ಅಂಟುಮಣ್ಣನ್ನೆಲ್ಲ ಎತ್ತಿ ಹೊರಗೆ ಹಾಕಿ, ಗುಂಡಿಯಲ್ಲಿ ಮಂಡಿಯವರೆಗೆ ನಿಂತು ಪದರ ಪದರ ಗುದ್ದುತ್ತಿದ್ದಾಗ ಮಗ ಬಂದ. ಮೈಯಲ್ಲಿ ಹೊಸ ಅಂಗಿ, ಕಾಲಲ್ಲಿ ಹೊಸ ಬೂಟು. ಅವನ ಕ್ಲಬ್ಬು ಮೇಲಿನ ದರ್ಜೆಗೆ ಹೋಗಿ, ಅವನ ಒಪ್ಪಂದವೂ ಮುಂದುವರಿದಿತ್ತು. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

“ಅಮ್ಮ ಫೋನ್ ಮಾಡಿದ್ಲು. ಅಪ್ಪ, ಎಲ್ರೂ ನಾನಿರೋ ಊರಿಗೆ ಬಂದ್ಬಿಡಿ. ನಮ್ಮ ಕ್ಲಬ್ಬಿಗೆ ಗ್ರೌಂಡ್ ನೋಡ್ಕೊಳ್ಳೋರು ಬೇಕಂತೆ. ನಿಮ್ಮನ್ನೇ ಕೇಳ್ತಿದಾರೆ. ಇದಕ್ಕಿಂತ ದೊಡ್ಡ ಮನೆ ಕೊಡ್ತಾರೆ.”

“ಯಾವಾಗ ಕೇಳಿದ್ರು?”

“ಮ್ಯಾಚಿಗೆ ಮುಂಚೇನೇ ಮಾತಾಗಿತ್ತು. ನಾನೇ ಹೇಳಿದ್ದೆ, ಇದ್ರಿಂದ ನಮ್ಮಪ್ಪನ ಕೆಲಸ ಹೋದ್ರೆ ನೀವೇ ಕೊಡ್ಬೇಕು ಅಂತ.” ಮಗ ಅದನ್ನು ಹೇಳಿದ ರೀತಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಅಪ್ಪನಿಗಾಗಿ ತಾನೊಂದು ಮಾತು ಆಡಿದ್ದೇನೆ, ಅಪ್ಪ ತನಗಾಗಿ ಆಡಲಿಲ್ಲ ಎಂಬುದೂ ಅದರೊಳಗಿತ್ತು.

ಹುಲ್ಲಪ್ಪ ಗುದ್ದುವುದನ್ನು ನಿಲ್ಲಿಸಿದ. ಹಾಗಾದರೆ ಇದೆಲ್ಲ ಆಗುತ್ತದೆಂದು ಇವನಿಗೆ ಮೊದಲೇ ಗೊತ್ತಿತ್ತು.

“ಕೆಲಸ ಕೆಡಿಸಿದೋನು ಯಾಕಂತೆ ಅವರಿಗೆ?”

“ಆ ಜಾಗ ಯಾಕೆ ಕೆಟ್ಟಿದೆ ಅಂತ ನಮ್ಮ ಕೋಚ್ ಕೇಳಿದ್ರು. ಕೆಲಸ ಬರ್ದೆ ಅಲ್ಲ, ಮನಸ್ಸು ಸರಿ ಇಲ್ದೆ ಹಂಗಾಗಿದ್ದು ಅಂದೆ.”

“ಎಲ್ಲಾ ಹೇಳ್ದ್ಯಾ?”

“ಹೇಳ್ಬೇಕಾಯ್ತು. ಮೊದ್ಲು ಅವರು ನಂಬ್ಲಿಲ್ಲ. ನಿಮ್ಮಪ್ಪ ನಿನ್ನನ್ನ ದಾರಿ ತಪ್ಪಿಸ್ತಿದಾನೆ ಅಂದ್ರು.”

“ನಾನು ಅತ್ತಿದ್ದು?”

ಮಗ ಬೂಟಿಗೆ ಮೆತ್ತಿದ್ದ ಮಣ್ಣನ್ನು ಒಂದು ಕಡ್ಡಿಯಿಂದ ಕೆರೆಯತೊಡಗಿದ.

“ಅದನ್ನ ಕೇಳಿದ್ಮೇಲೇ ಅವರು ನಂಬಿದ್ದು,” ಎಂದ.

ಹುಲ್ಲಪ್ಪ ಉಳಿದ ಮಣ್ಣು ತುಂಬಿದ, ಮರಳು ಬೆರೆಸಿದ, ಹುಲ್ಲಿನ ಚಾಪೆ ಬಿಚ್ಚಿ ಕೂರಿಸಿದ, ಅಂಚುಗಳನ್ನು ಅಂಗೈಯಿಂದ ಒತ್ತಿದ. ಮಗ ಕೈಜೋಡಿಸಲು ಬಂದಾಗ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಮನೆಯೊಳಗೆ ಹೆಂಡತಿ ಆಗಲೇ ಬಟ್ಟೆಗಳನ್ನು ಮಡಚಿ ಒಂದೇ ಪೆಟ್ಟಿಗೆಗೆ ತುಂಬುತ್ತಿದ್ದಳು. ಮಗ ಬಂದು ಬಾಗಿಲಲ್ಲಿ ನಿಂತ.

“ನನ್ನ ಬಟ್ಟೆ ಬೇರೆ ಇಡು,” ಎಂದ ಹುಲ್ಲಪ್ಪ.

ಅವಳ ಕೈ ನಿಂತಿತು. “ಎಲ್ಲಿಗೆ ಹೋಗ್ತೀರಿ?”

“ಗೊತ್ತಿಲ್ಲ.”

ಅವಳು ಗಂಡನನ್ನು ನೋಡಿದಳು, ಬಾಗಿಲಲ್ಲಿ ನಿಂತ ಮಗನನ್ನು ನೋಡಿದಳು. ಗಂಡನ ಅಂಗಿಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದು ಮಂಚದ ಮೇಲೆ ಇಟ್ಟಳು. ತನ್ನ ಸೀರೆಗಳನ್ನು ತೆಗೆಯಲಿಲ್ಲ.

“ನನ್ನವೂ ಅಲ್ಲಿಂದ ತೆಗಿಯಮ್ಮ,” ಎಂದಳು ಅಜ್ಜಿ. “ನೀನು ನಿನ್ನ ಮಗನ ಜೊತೆ ಹೋಗು, ತಪ್ಪು ಅನ್ನಲ್ಲ. ನಾನು ನನ್ನ ಮಗನ ಜೊತೆ ಇರ್ತೀನಿ.”